ಮಕ್ಕಳನ್ನು ಕಟ್ಟಿಕೊಂಡು ದೂರದ ಸೇವೆಗೆ ಹೊರಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯವಳು, ನರ್ಸ್. ನನ್ನ ಗಂಡ ಮಂಗಳೂರಿನವರು, ಬಡಗಿ ಕೆಲಸ ಮತ್ತು ವೆಲ್ಡಿಂಗ್ ಕಲಿಸುವ ಮೇಷ್ಟ್ರು. ನಾಲ್ಕು ವರ್ಷದ ಹಿಂದೆ ಆರು ವರ್ಷದ ಮಗಳನ್ನೂ ಮೂರು ವರ್ಷದ ಮಗನನ್ನೂ ಕರೆದುಕೊಂಡು ಟಾಂಜಾನಿಯಾಕ್ಕೆ ಹೋದೆವು. ವಿಕ್ಟೋರಿಯಾ ಸರೋವರದ ದಡದ ಮ್ವಾಂಜಾ ಪಟ್ಟಣದ ಹತ್ತಿರ ಒಂದು ಊರು. ಈಗ ರಜೆಯಲ್ಲಿ ಬಂದಿದ್ದೇವೆ. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಮದುವೆ ಮನೆಯಲ್ಲಿ, ಪತ್ರಗಳಲ್ಲಿ, ವಾಟ್ಸಾಪ್‌ನಲ್ಲಿ ಒಂದಷ್ಟು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ನಿಂತಲ್ಲೇ ಅರ್ಧ ಉತ್ತರ ಕೊಟ್ಟು ಬರುವುದು ನನಗೆ ಸಮಾಧಾನ ಇಲ್ಲ. ಅದಕ್ಕೇ ಕೂತು ಬರೆದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಎಲ್ಲರೂ ಮೊದಲು ಕೇಳುವುದು

ಮಿಷನ್ ಕೆಲಸ ಅಂದ್ರೆ ಎಂತ? ಮತಾಂತರ ಮಾಡ್ಲಿಕ್ಕೆ ಹೋಗೋದಾ?

ಅಲ್ಲ. ನಾವಿರುವ ಕಡೆ ಹೆಚ್ಚಿನವರು ಆಗಲೇ ಕ್ರೈಸ್ತರು. ಜಗತ್ತಿನ ದೊಡ್ಡ ಲೂಥರನ್ (ಒಂದು ಪ್ರಾಟೆಸ್ಟಂಟ್ ಪಂಗಡ) ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಒಂದು ಟಾಂಜಾನಿಯಾದಲ್ಲೇ ಇದೆ. ನಮ್ಮನ್ನು ಕರೆದದ್ದು ಅಲ್ಲಿನ ಸಭೆಯವರು. ಅವರ ಕೈಕೆಲಸದ ಶಾಲೆಗೆ ಮರದ ಕೆಲಸ ಕಲಿಸುವವರು ಬೇಕಿತ್ತು, ಹೆರಿಗೆ ಕ್ಲಿನಿಕ್ಕಿಗೆ ನರ್ಸ್ ಬೇಕಿತ್ತು. ನನ್ನ ಮೇಲಿನವರು ಅಲ್ಲಿನ ಒಬ್ಬ ಹಿರಿಯ ನರ್ಸಮ್ಮ. ನಾನು ಅವರ ಕೈಕೆಳಗೆ ಕೆಲಸ ಮಾಡುತ್ತೇನೆ. ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ನಾನು ಅಲ್ಲಿಗೆ ಹೋದದ್ದೇ ಆ ನಂಬಿಕೆಯಿಂದ. ಆದರೆ ಹೆರಿಗೆ ನೋವಿನಲ್ಲಿರುವ ಹೆಂಗಸಿನ ಹತ್ತಿರ ಜಾತಿ ಧರ್ಮ ಕೇಳುವವಳು ನಾನಲ್ಲ.

ಊರಲ್ಲಿ ಬಡವರಿಲ್ವಾ? ಅಷ್ಟು ದೂರ ಯಾಕೆ?

ಇದ್ದಾರೆ. ಊರಲ್ಲೇ ದುಡಿಯುವವರ ಕೆಲಸ ನಮ್ಮದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಅಲ್ಲ.

ಆದರೂ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನಮ್ಮ ಊರೇ ನೆನಪಾಗುತ್ತದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. 1865ರಲ್ಲಿ ಅಲ್ಲಿನ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾಯಿತು. ನಮ್ಮ ಅಜ್ಜಂದಿರಿಗೆ ಅದು ಅನ್ನ ಕೊಟ್ಟಿತು. 1923ರಲ್ಲಿ ಇವಾ ಲೊಂಬಾರ್ಡ್ ಎಂಬ ಸ್ವಿಸ್ ಡಾಕ್ಟರಮ್ಮ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಇಂದಿಗೂ ಜನ ಅದನ್ನು ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅವರ ಊರಲ್ಲೂ ಆಗ ಬಡವರಿದ್ದರು, ಅಲ್ವಾ? ಯಾರೋ ದೂರದಿಂದ ಬಂದು ಕಲಿಸಿದ ಕೈಕೆಲಸವನ್ನು ಇನ್ಯಾರಿಗೋ ಕಲಿಸಲು ನಮ್ಮವರೂ ಹೋಗಬಹುದು ಅಂತ ನನಗನಿಸುತ್ತದೆ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ಇಷ್ಟು ಸಣ್ಣ ಮಕ್ಕಳನ್ನು ಕರ್ಕೊಂಡು ಹೋಗೋದು ಸರಿಯಾ? ಅವ್ರು ಎಂತ ಪಾಪ ಮಾಡಿದ್ದಾರೆ?

ನನ್ನ ಅತ್ತೆ ಕೇಳಿದ ಪ್ರಶ್ನೆ ಇದು. ಅವರು ಕೋಪದಲ್ಲಿ ಕೇಳಿದರು, ಆದರೆ ಪ್ರಶ್ನೆ ಸರಿಯಾದದ್ದೇ.

ನಮ್ಮೂರಿಗೆ ಬಂದ ಆ ಮಿಷನರಿಗಳ ಮಕ್ಕಳ ಕತೆ ನಮ್ಮಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಇಲ್ಲಿನ ಸೆಖೆ, ಕಾಯಿಲೆ, ಶಾಲೆಯ ಚಿಂತೆಗೆ 1850ರ ದಶಕದಲ್ಲಿ ಬಾಸೆಲ್ ಮಿಷನ್ ಒಂದು ನಿಯಮವನ್ನೇ ಮಾಡಿತು. ಶಾಲೆಗೆ ಹೋಗುವ ವಯಸ್ಸಾದ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕು. ಅಪ್ಪ ಅಮ್ಮ ಇಲ್ಲೇ, ಮಕ್ಕಳು ಅಲ್ಲಿ. ವರ್ಷಗಟ್ಟಲೆ ಮುಖ ನೋಡದೆ ಪತ್ರದಲ್ಲೇ ಬೆಳೆದ ಮಕ್ಕಳು. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ದೊಡ್ಡ ಪಂಡಿತರು, ಮಲಯಾಳಕ್ಕೆ ನಿಘಂಟು ಕೊಟ್ಟವರು. ಅವರ ಮಗಳು ಮರೀ 1842ರಲ್ಲಿ ಅಲ್ಲೇ ಹುಟ್ಟಿದಳು. ಆ ನಿಯಮ ಬರುವ ಮೊದಲೇ, ತೀರಾ ಎಳೆ ವಯಸ್ಸಿನಲ್ಲಿ, ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಮತ್ತೆ ಅಪ್ಪ ಅಮ್ಮನ ಹತ್ತಿರ ಬರುವಾಗ ಅವಳು ಹದಿಹರೆಯದವಳು. ನಿಘಂಟು ನಮ್ಮ ಕೈಯಲ್ಲಿದೆ. ಆ ಮಗುವಿನ ವರ್ಷಗಳನ್ನು ಅವಳಿಗೆ ಯಾರು ಹಿಂದೆ ಕೊಟ್ಟರು?

ಅವರನ್ನು ದೂರುವುದಕ್ಕೆ ಇದನ್ನು ಬರೆದದ್ದಲ್ಲ. ಆ ಕಾಲದಲ್ಲಿ ಮಕ್ಕಳು ನಿಜವಾಗಿ ಸಾಯುತ್ತಿದ್ದರು. ಆದರೆ ಸೇವೆ ದೊಡ್ಡದು, ಮಕ್ಕಳು ಹೇಗೋ ಸುಧಾರಿಸಿಕೊಳ್ಳುತ್ತಾರೆ ಎನ್ನುವ ಮಾತು ಇವತ್ತೂ ನಮ್ಮ ಸಭೆಗಳಲ್ಲಿ ಕೇಳುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಕರೆ ಬಂದದ್ದು ನಮಗೆ. ಮಕ್ಕಳು ನಮ್ಮ ಜೊತೆಗೆ ಬರುತ್ತಾರೆ ಅಷ್ಟೆ. ಹಾಗಾಗಿ ಅವರಿಗೆ ಆಗುವ ನಷ್ಟವನ್ನು ನಷ್ಟ ಅಂತಲೇ ಹೇಳಬೇಕು, ಅದಕ್ಕೆ ಜಾಗ ಕೊಡಬೇಕು. ಅಷ್ಟು ಮಾಡಲು ತಯಾರಿದ್ದರೆ ಕರೆದುಕೊಂಡು ಹೋಗುವುದು ಸರಿ. ಇಲ್ಲದಿದ್ದರೆ ಸ್ವಲ್ಪ ತಡೆಯಿರಿ.

## ಹೊರಡುವ ಮೊದಲು

ಮಕ್ಕಳಿಗೆ ಯಾವಾಗ ಹೇಳ್ಬೇಕು? ಎಲ್ಲ ರೆಡಿ ಆದ ಮೇಲೆ ಹೇಳಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಮಕ್ಕಳ ಕಿವಿ ಚುರುಕು. ನಾವು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಮಗಳಿಗೆ ಆಗಲೇ ಕೇಳಿತ್ತು. 'ನನ್ನನ್ನು ಬಿಟ್ಟು ಹೋಗ್ತೀರಾ?' ಅಂತ ಒಂದು ರಾತ್ರಿ ಕೇಳಿದಳು. ಮರುದಿನವೇ ಎಲ್ಲ ಹೇಳಿದೆವು. ಭೂಪಟ ಹಾಸಿ ಮಲ್ಪೆ ಎಲ್ಲಿ, ಮ್ವಾಂಜಾ ಎಲ್ಲಿ ಅಂತ ತೋರಿಸಿದೆವು.

ಐದಾರು ವರ್ಷದ ಮಗುವಿಗೆ ನಾಲ್ಕೈದು ತಿಂಗಳು ಮೊದಲು ಹೇಳಿದರೆ ಒಳ್ಳೆಯದು. ಮೂರು ವರ್ಷದವರಿಗೆ ತಿಂಗಳ ಲೆಕ್ಕ ತಿಳಿಯುವುದಿಲ್ಲ, ಕೊನೆಯ ವಾರಗಳಲ್ಲಿ ದಿನಾ ಸ್ವಲ್ಪ ಸ್ವಲ್ಪ ಹೇಳಿ. 'ಅಲ್ಲಿ ಆನೆ ಉಂಟು, ಸಿಂಹ ಉಂಟು' ಅಂತ ಆಸೆ ಹುಟ್ಟಿಸಬೇಡಿ. ನಮ್ಮ ಮನೆ ಅಂಗಳಕ್ಕೆ ಬರುವುದು ಕೋಳಿ ಮತ್ತು ಆಡು ಮಾತ್ರ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ಹೇಳಿ. 'ಅಲ್ಲಿ ನನಗೆ ಫ್ರೆಂಡ್ಸ್ ಸಿಗ್ತಾರಾ?' ಎಂದಾಗ ನನಗೆ ಬಾಯಿ ತುದಿಗೆ ಬಂದದ್ದು 'ಹೌದು'. ತಡೆದುಕೊಂಡು, 'ಸಿಗಬಹುದು, ಸ್ವಲ್ಪ ಸಮಯ ಹಿಡಿಯಬಹುದು' ಎಂದೆ. ನಿಜವಾಗಿ ಐದು ತಿಂಗಳು ಹಿಡಿಯಿತು.

ಪಾಸ್‌ಪೋರ್ಟ್, ವೀಸಾ ಎಲ್ಲ ತುಂಬ ತಲೆನೋವಾ?

ಮಕ್ಕಳ ಪಾಸ್‌ಪೋರ್ಟ್ ಸುಲಭ. ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರ ಬೇಕು. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮುಗಿಯುತ್ತದೆ. ನೆನಪಿಡಿ, ಸಣ್ಣ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯ. ಹೊರಡುವಾಗ ಎರಡು ವರ್ಷ ಮಾತ್ರ ಉಳಿದಿದ್ದರೆ ಇಲ್ಲೇ ಹೊಸದು ಮಾಡಿಸಿಕೊಳ್ಳುವುದು ಜಾಣತನ.

ಟಾಂಜಾನಿಯಾದಲ್ಲಿ ಮಿಷನರಿಗಳಿಗೆ 'ಸಿ' ದರ್ಜೆಯ ವಾಸದ ಪರ್ಮಿಟ್ ಕೊಡುತ್ತಾರೆ. ಕರೆದ ಸಭೆಯೇ ಅದಕ್ಕೆ ಅರ್ಜಿ ಹಾಕಿಸುತ್ತದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡುವ ಅಂತ ಹೇಳುವವರು ಸಿಗುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ಆ ಕೆಲಸ ಖಂಡಿತ ಮಾಡಬೇಡಿ. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಶಾಲೆಯ ಟಿಸಿ, ಲಸಿಕೆಯ ದಾಖಲೆ, ತಾಯಿ ಕಾರ್ಡ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ, ಫೋನಿನಲ್ಲೂ ಫೋಟೊ ಇಟ್ಟುಕೊಳ್ಳಿ. ಮಗುವಿಗೆ ಐದು ವರ್ಷ ತುಂಬಿದ್ದರೆ ಆಧಾರ್‌ಗೆ ಬೆರಳಚ್ಚು ಕೊಟ್ಟೇ ಹೊರಡಿ.

ಯಾವ ಯಾವ ಲಸಿಕೆ ಹಾಕ್ಬೇಕು?

ಊರಲ್ಲಿ ಕೊಡುವ ಎಲ್ಲ ಲಸಿಕೆ ಮೊದಲು ಪೂರ್ತಿಯಾಗಲಿ. ಐದು ವರ್ಷದ ಡಿಪಿಟಿ ಬೂಸ್ಟರನ್ನು ತುಂಬ ಜನ ಮರೆಯುತ್ತಾರೆ. ಟೈಫಾಯ್ಡ್, ಹೆಪಟೈಟಿಸ್ ಎ ಬಗ್ಗೆ ಮಕ್ಕಳ ಡಾಕ್ಟರ ಹತ್ತಿರ ಕೇಳಿ.

ಹಳದಿ ಜ್ವರದ ಲಸಿಕೆಯದ್ದು ಬೇರೆ ಲೆಕ್ಕ. ನೈರೋಬಿ ಅಥವಾ ಅಡಿಸ್ ಅಬಾಬಾ ದಾಟಿ ಊರಿಗೆ ಬರುವವರ ಹತ್ತಿರ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಅದರ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು. ಸರಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ನಾವು ಬೆಂಗಳೂರಿಗೆ ಹೋಗಿ ಹಾಕಿಸಿದೆವು. ಒಂಬತ್ತು ತಿಂಗಳಿಗಿಂತ ಸಣ್ಣ ಕೂಸಿಗೆ ಅದನ್ನು ಹಾಕುವುದಿಲ್ಲ. ಹಾಕಿಸಿ 10 ದಿನ ಕಳೆದ ಮೇಲೆಯೇ ಸರ್ಟಿಫಿಕೇಟಿಗೆ ಬೆಲೆ. ಹಾಗಾಗಿ ಕೊನೆಯ ವಾರಕ್ಕೆ ಇಡಬೇಡಿ.

ಸಾಮಾನು ಎಂತೆಲ್ಲ ಕಟ್ಕೊಂಡು ಹೋಗ್ಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಬಟ್ಟೆ, ಪಾತ್ರೆ, ಬಕೆಟ್ ಎಲ್ಲ ಅಲ್ಲಿ ಸಿಗುತ್ತದೆ. ಮ್ವಾಂಜಾದಲ್ಲಿ ಗುಜರಾತಿ ಅಂಗಡಿಗಳಿವೆ, ತೊಗರಿಬೇಳೆ, ಜೀರಿಗೆ, ಸಾಸಿವೆಗೆ ತೊಂದರೆ ಇಲ್ಲ. ಕರೆಂಟ್ ನಮ್ಮ ಹಾಗೆಯೇ 230 ವೋಲ್ಟ್, ಹೆಚ್ಚಿನ ಕಡೆ ಪ್ಲಗ್ ಮಾತ್ರ ಚೌಕ ಕಡ್ಡಿಯದ್ದು. ಸಣ್ಣ ಮಿಕ್ಸಿ, ಒಂದು ಪ್ರೆಷರ್ ಕುಕ್ಕರ್, ಅದರ ಎರಡು ಗ್ಯಾಸ್ಕೆಟ್, ಕುಚ್ಚಲಕ್ಕಿ ಸ್ವಲ್ಪ, ಒಣಮೆಣಸು, ಸತ್ಯವೇದ (ಬೈಬಲ್), ಕನ್ನಡ ಅಕ್ಷರಮಾಲೆ, ಮಕ್ಕಳ ಕತೆ ಪುಸ್ತಕ.

ಇದರ ಜೊತೆ ಪ್ರತಿ ಮಗುವಿಗೆ ಒಂದು ಪೆಟ್ಟಿಗೆ ಕೊಡಿ. ಅದರಲ್ಲಿ ಅವರು ಏನು ಹಾಕುತ್ತಾರೋ ಅದು ಹೋಗಲಿ, ನೀವು ಕೈ ಹಾಕಬೇಡಿ. ನಾನು ಹಾಕಿದೆ. ಮಗಳು ತನ್ನ ಪೆಟ್ಟಿಗೆಯಲ್ಲಿ ಒಂದು ಹಂಚಿನ ತುಂಡು ಇಟ್ಟಿದ್ದಳು. ಅಜ್ಜಿ ಮನೆ ಮಾಡಿನ ಒಡೆದ ಹಂಚು, ಅಂಗೈಯಷ್ಟು ಅಗಲ, ಅಂಚು ಉಜ್ಜಿ ಉಜ್ಜಿ ದುಂಡಗಾಗಿತ್ತು. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಎರಡು ಅಕ್ಷರ ಉಳಿದಿತ್ತು. ಅದು ಅವಳ ಕುಂಟೆಬಿಲ್ಲೆಯ ಬಿಲ್ಲೆ. ತೂಕ ಜಾಸ್ತಿಯಾಯಿತು ಅಂತ ಹೊರಡುವ ಹಿಂದಿನ ರಾತ್ರಿ ನಾನೇ ಅದನ್ನು ತೆಗೆದು ಬಾವಿಕಟ್ಟೆಯ ಹತ್ತಿರ ಇಟ್ಟೆ. ಅಲ್ಲಿ ಹೋಗಿ ಪೆಟ್ಟಿಗೆ ಬಿಚ್ಚಿದಾಗ ಅವಳು ಎಲ್ಲವನ್ನೂ ಹೊರಗೆ ಹಾಕಿ ತಳ ತಡಕಿದಳು. ಅಳಲಿಲ್ಲ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ತಪ್ಪಾಯಿತು ಅಂತ ಕೇಳಿಕೊಂಡೆ. ಏಳು ತಿಂಗಳ ಮೇಲೆ ಊರಿಂದ ಬಂದ ಒಬ್ಬರ ಕೈಯಲ್ಲಿ ಅಜ್ಜಿ ಅದನ್ನು ಹಳೆ ಸೀರೆಯ ಚೂರಿನಲ್ಲಿ ಸುತ್ತಿ ಕಳಿಸಿದರು. ಆ ತುಂಡು ಇನ್ನೂರು ಗ್ರಾಮೂ ಇರಲಿಕ್ಕಿಲ್ಲ.

ಕೇಳ್ಲಿಕ್ಕೆ ನಾಚಿಕೆ ಆಗ್ತದೆ, ಆದ್ರೂ ಕೇಳ್ತೇನೆ: ಹಣ ಎಲ್ಲಿಂದ?

ನಾಚಿಕೆ ಬೇಡ. ಇಲ್ಲಿನ ಎರಡು ಸಭೆಗಳು ಮತ್ತು ಕೆಲವು ಕುಟುಂಬಗಳು ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಮನೆ ಅಲ್ಲಿನ ಸಭೆಯದ್ದು. ಪ್ರತಿ ಆರು ತಿಂಗಳಿಗೆ ಲೆಕ್ಕ ಕಳಿಸುತ್ತೇವೆ. ನನ್ನ ಒಂದೇ ಸಲಹೆ: ಮಕ್ಕಳ ಶಾಲೆಯ ಹಣ, ಆರೋಗ್ಯ ವಿಮೆ, ತುರ್ತಿಗೆ ಊರಿಗೆ ಬರುವ ಟಿಕೆಟಿನ ಹಣ ಈ ಮೂರೂ ಕೈಗೆ ಬರುವ ಮೊದಲು ಹೊರಡಬೇಡಿ. 'ದೇವರು ಕೊಡುತ್ತಾನೆ' ಎನ್ನುವುದು ಸರಿ. ಮಗುವಿಗೆ ನಡುರಾತ್ರಿ ಜ್ವರ ಬಂದಾಗ ಆಸ್ಪತ್ರೆಯವರು ಹಣ ಕೇಳುತ್ತಾರೆ. ಇನ್ನೊಂದು, ನೀವು ಹೊರಗೆ ನೆಲೆಸಲು ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಾಗಿ ಬದಲಿಸಬೇಕು. ಬ್ಯಾಂಕಿಗೆ ಹೋಗಿ ಮೊದಲೇ ಮಾತಾಡಿ.

## ಅಲ್ಲಿ ಹೋದ ಮೇಲೆ

ಅಲ್ಲಿ ಎಂತ ತಿಂತೀರಿ?

ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ರಾಗಿ ಮುದ್ದೆಯ ಬಿಳಿ ತಂಗಿ ಎನ್ನಬಹುದು. ಜೊತೆಗೆ ಸೊಪ್ಪು, ಹುರುಳಿಕಾಳಿನ ತರದ ಕಾಳು, ಸರೋವರದ ಮೀನು. ದಗಾ ಅಂತ ಸಣ್ಣ ಒಣಮೀನು ಸಿಗುತ್ತದೆ. ಒಣಮೀನಿನ ಚಟ್ನಿ ತಿಂದು ಬೆಳೆದ ನಮಗೆ ಅದು ಸಿಕ್ಕಿದ ದಿನ ಹಬ್ಬ. ಮಗ ಈಗ ಗಂಜಿಗಿಂತ ಉಗಾಲಿಯನ್ನೇ ಕೇಳುತ್ತಾನೆ.

ಮಲೇರಿಯಾ ನಮ್ಗೂ ಗೊತ್ತು ಮಾರಾಯ್ರೆ, ಮಂಗಳೂರಲ್ಲಿ ಇಲ್ವಾ?

ಈ ಧೈರ್ಯವೇ ಅಪಾಯ. ಮಂಗಳೂರಿನಲ್ಲಿ ನಾವು ಜಾಸ್ತಿ ನೋಡಿದ್ದು ವೈವಾಕ್ಸ್ ಮಲೇರಿಯಾ. ನಡುಗಿಸುತ್ತದೆ, ಸುಸ್ತು ಮಾಡುತ್ತದೆ, ಹೆಚ್ಚಾಗಿ ಜೀವ ತೆಗೆಯುವುದಿಲ್ಲ. ಅಲ್ಲಿರುವುದು ಹೆಚ್ಚಾಗಿ ಫಾಲ್ಸಿಪಾರಂ. ಐದು ವರ್ಷದೊಳಗಿನ ಮಗುವಿನಲ್ಲಿ ಅದು ಒಂದೆರಡು ದಿನದಲ್ಲೇ ಮಿದುಳಿಗೆ ಏರಬಹುದು.

ನಮ್ಮ ಮನೆಯ ನಿಯಮ ಹೀಗೆ. ಔಷಧಿ ಹಚ್ಚಿದ ಸೊಳ್ಳೆ ಪರದೆ ಸಂಜೆಯೇ ಇಳಿಸಿ ಹಾಸಿಗೆಯ ಅಡಿಗೆ ಸಿಕ್ಕಿಸುವುದು. ಕತ್ತಲಾದ ಮೇಲೆ ಉದ್ದ ತೋಳಿನ ಅಂಗಿ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ, ನಾಳೆ ನೋಡುವ ಎನ್ನುವ ಮಾತಿಲ್ಲ. ಮಗನಿಗೆ ಎರಡು ಸಲ ಬಂತು. ಮೊದಲ ಸಲ ಮಧ್ಯಾಹ್ನ ಆಡುತ್ತಿದ್ದವನು ಸಂಜೆ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದ. ಹಣೆ ಮುಟ್ಟಿದರೆ ಕೆಂಡ. ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡುವವರೆಗಿನ ಆ ಹದಿನೈದು ನಿಮಿಷ, ನರ್ಸಾದ ನನಗೂ ಕೈ ನಡುಗಿತು. ಅಲ್ಲಿ 'ಮ್ಸೇಟೊ' ಅಂತ ಕರೆಯುವ ಮಾತ್ರೆ ಮೂರು ದಿನ, ಹಾಲಿನ ಜೊತೆ ಕೊಟ್ಟೆವು. ಗುಣವಾಯಿತು. ತಡೆಗಟ್ಟುವ ಮಾತ್ರೆ ವರ್ಷಗಟ್ಟಲೆ ಕೊಡಬೇಕೋ ಬೇಡವೋ ಅಂತ ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೂತು ತೀರ್ಮಾನಿಸಿ. ಅಂಥ ಮಾತ್ರೆಗಳಲ್ಲಿ ಒಂದಾದ ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಸರೋವರ ಇದ್ದ ಮೇಲೆ ಮಕ್ಕಳಿಗೆ ಈಜು ಮಜಾ ಅಲ್ವಾ?

ಇಲ್ಲ. ಅಲ್ಲಿನ ನೀರಿನಲ್ಲಿ ಬಿಲ್ಹಾರ್ಜಿಯಾ ಎಂಬ ಕಾಯಿಲೆ ತರುವ ಹುಳು ಇದೆ. ಬಸವನಹುಳದಿಂದ ಹೊರಬಂದು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮಲ್ಪೆಯ ಅಲೆಯಲ್ಲಿ ಆಡಿದ ಮಕ್ಕಳಿಗೆ ಕಣ್ಣ ಮುಂದೆ ಅಷ್ಟು ನೀರಿದ್ದೂ ಇಳಿಯಬಾರದು ಎನ್ನುವುದು ಬಹಳ ಕಷ್ಟವಾಯಿತು.

ಶಾಲೆ ಉಂಟಾ? ಯಾವ ಮೀಡಿಯಂ?

ಉಂಟು. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಅಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ. ಖಾಸಗಿಯಲ್ಲಿ ಇಂಗ್ಲಿಷ್ ಮೀಡಿಯಂ ಇದೆ. ಮಗಳನ್ನು ಅಲ್ಲಿನ ಮಕ್ಕಳೇ ಹೋಗುವ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆವು. ಹಾಸ್ಟೆಲ್ ಶಾಲೆಗೆ ಹಾಕಿ ಎಂದವರಿದ್ದರು. ನಾವು ಒಪ್ಪಲಿಲ್ಲ, ಕಾರಣ ಮೇಲೆ ಬರೆದಿದ್ದೇನೆ.

ಶಾಲೆ ಜನವರಿಯಲ್ಲಿ ಶುರು. ಮಳೆ ಮಾರ್ಚ್‌ನಿಂದ ಮೇವರೆಗೆ ಒಮ್ಮೆ, ಅಕ್ಟೋಬರ್ ಕಡೆಗೆ ಇನ್ನೊಮ್ಮೆ. ಜೂನ್ ಒಂದಕ್ಕೆ ಹೊಸ ಕೊಡೆ, ಹೊಸ ಚೀಲ, ಒದ್ದೆ ಸಮವಸ್ತ್ರ ಅಂತ ಬೆಳೆದ ಮಗಳು ಮೊದಲ ಜೂನ್‌ನಲ್ಲಿ ಒಣ ಆಕಾಶ ನೋಡಿ 'ಇಲ್ಲಿ ಜೂನ್ ಯಾವಾಗ ಬರ್ತದೆ?' ಅಂತ ಕೇಳಿದಳು.

ಅಲ್ಲಿನ ಗಡಿಯಾರದ ಮಾತು ಕೂಡ ಬೇರೆ. ಬೆಳಿಗ್ಗೆ ಏಳು ಗಂಟೆಯನ್ನು ಅವರು ಒಂದು ಗಂಟೆ ಎನ್ನುತ್ತಾರೆ, ಸೂರ್ಯ ಹುಟ್ಟಿದ ಮೇಲಿನ ಲೆಕ್ಕ. ಪೋಷಕರ ಸಭೆಗೆ ಎರಡು ಗಂಟೆಗೆ ಬನ್ನಿ ಎಂದಿದ್ದರು. ಮಧ್ಯಾಹ್ನ ಹೋದಾಗ ಬೀಗ ಹಾಕಿತ್ತು.

ಮಕ್ಕಳಿಗೆ ತುಳು, ಕನ್ನಡ ಮರ್ತು ಹೋಗುದಿಲ್ವಾ?

ಸುಮ್ಮನಿದ್ದರೆ ಹೋಗುತ್ತದೆ. ಮನೆಯೊಳಗೆ ತುಳು, ರಾತ್ರಿ ಪ್ರಾರ್ಥನೆ ಮತ್ತು ಸತ್ಯವೇದ ಕನ್ನಡದಲ್ಲಿ, ಇದಕ್ಕೆ ರಿಯಾಯಿತಿ ಇಲ್ಲ. ಭಾನುವಾರ ಅಜ್ಜಿಗೆ ಕನ್ನಡದಲ್ಲಿ ಒಂದು ಪತ್ರ, ನಾಲ್ಕೇ ಸಾಲಾದರೂ ಸರಿ. ನಮ್ಮ ಸಮಯ ಅವರಿಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಅಲ್ಲಿನ ಸಂಜೆ ಐದಕ್ಕೆ ಫೋನ್ ಮಾಡಿದರೆ ಅಜ್ಜಿ ಊಟಕ್ಕೆ ಮೊದಲು ಸಿಗುತ್ತಾರೆ. ಮರಳಿ ಬಂದಾಗ ಕರ್ನಾಟಕದ ಶಾಲೆಯಲ್ಲಿ ಕನ್ನಡ ಕಲಿಯಲೇಬೇಕು. ಅದಕ್ಕಾಗಿಯಾದರೂ ಓದು ಬರಹ ಬಿಡಿಸಬೇಡಿ.

ಸ್ವಾಹಿಲಿಯನ್ನೂ ಅಷ್ಟೇ ಪ್ರೀತಿಯಿಂದ ಕಲಿಸಿ. ನಮ್ಮೂರಿಗೆ ಬಂದವರು ತುಳು ಕಲಿತು 1847ರಲ್ಲೇ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದರು, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಬಂತು. ನಾವು ಇಂಗ್ಲಿಷ್ ಸಾಕು ಎಂದರೆ ಹೇಗೆ? ಸ್ವಾಹಿಲಿಯಲ್ಲಿ ಗುರುತು ಸಿಗುವ ಮಾತುಗಳು ಬೇಕಾದಷ್ಟಿವೆ: ಚಾಯ್, ಚಪಾತಿ, ಗಾಡಿಗೆ ಗಾರಿ, ರಂಗಿಗೆ ರಂಗಿ, ಲಕ್ಷಕ್ಕೆ ಲಾಕಿ. ಹಿರಿಯರನ್ನು ಕಂಡರೆ ಮಕ್ಕಳು 'ಶಿಕಮೋ' ಎನ್ನಬೇಕು, ಹಿರಿಯರು 'ಮರಹಬಾ' ಎನ್ನುತ್ತಾರೆ. ಮಗ ಉಡುಪಿ ಬಸ್‌ಸ್ಟ್ಯಾಂಡಿನಲ್ಲೂ ಹೂ ಮಾರುವ ಅಜ್ಜಿಗೆ ಶಿಕಮೋ ಹೇಳಿ ಕಾಯುತ್ತಾ ನಿಂತ.

## ಹೇಳಲು ಕಷ್ಟವಾದವು

ಮಿಷನ್ ಕಂಪೌಂಡ್ ಒಳಗೆ ಮಕ್ಕಳು ಸೇಫ್ ಅಲ್ವಾ? ಎಲ್ರೂ ದೇವರ ಜನ

ದಯವಿಟ್ಟು ಹಾಗೆ ನಂಬಿ ಕೂರಬೇಡಿ. ಮಕ್ಕಳಿಗೆ ಕೆಡುಕು ಮಾಡುವವರು ನಂಬಿಕೆ ಇರುವ ಜಾಗವನ್ನೇ ಹುಡುಕುತ್ತಾರೆ. ಕಳಿಸುವ ಸಂಸ್ಥೆಯ ಹತ್ತಿರ ಮಕ್ಕಳ ರಕ್ಷಣೆಯ ನಿಯಮ ಬರಹದಲ್ಲಿದೆಯೇ, ದೂರು ಯಾರಿಗೆ ಕೊಡಬೇಕು ಅಂತ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಹೋಗಬೇಡಿ. ಯಾರೇ ಆದರೂ ಮುಚ್ಚಿದ ಕೋಣೆಯಲ್ಲಿ ಮಗುವಿನೊಂದಿಗೆ ಒಬ್ಬರೇ ಇರುವಂತಿಲ್ಲ, ಅವರು ಪಾಸ್ಟರ್ ಆಗಲಿ, ಅತಿಥಿಯಾಗಲಿ. ಗುಟ್ಟು ಇಟ್ಟುಕೊಳ್ಳಲು ಹೇಳುವ ದೊಡ್ಡವರ ಬಗ್ಗೆ ಅಮ್ಮನಿಗೆ ಹೇಳಬೇಕು ಅಂತ ಮೂರು ವರ್ಷದ ಮಗುವಿಗೂ ಕಲಿಸಬಹುದು.

ಅಪ್ಪ ಅಮ್ಮನಿಗೆ ಎಂತಾದ್ರೂ ಆದ್ರೆ?

ಆಯಿತು. ಎರಡನೇ ವರ್ಷ ಮಾವ ತೀರಿಕೊಂಡರು. ಟಿಕೆಟ್ ಹಣದಲ್ಲಿ ಒಬ್ಬರೇ ಹೋಗಬಹುದಿತ್ತು, ಗಂಡ ಹೊರಟರು. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಮಣ್ಣು ಮಾಡಿ ಆಗಿತ್ತು. ನಾನು ಮಕ್ಕಳೊಂದಿಗೆ ಫೋನಿನ ಪರದೆಯಲ್ಲಿ ನೋಡಿದೆ. ಮಗಳು 'ಅಜ್ಜನ ಕಾಲು ಯಾಕೆ ಕಟ್ಟಿದ್ದಾರೆ?' ಅಂತ ಕೇಳಿದಳು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪಕ್ಕದ ಮನೆಯ ಹೆಂಗಸರು ಬಂದು ಚಾಪೆ ಹಾಸಿ ನನ್ನ ಜೊತೆ ಮೂರು ರಾತ್ರಿ ಮಲಗಿದರು. ಅಲ್ಲಿನ ಪದ್ಧತಿ ಅದು.

ಹೊರಡುವ ಮೊದಲು ಅಣ್ಣ ತಮ್ಮಂದಿರ ಜೊತೆ ಕೂತು ಬಿಡಿಸಿ ಮಾತಾಡಿ. ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುವುದು, ಖರ್ಚು ಹೇಗೆ, ಯಾವ ಸುದ್ದಿಗೆ ನಿಮ್ಮನ್ನು ಕರೆಯಬೇಕು. ಊರಲ್ಲಿ ಉಳಿದವರ ಹೆಗಲ ಮೇಲೆ ನಮ್ಮ ಪಾಲಿನ ಭಾರವೂ ಬೀಳುತ್ತದೆ. ನನ್ನ ನಾದಿನಿ ಅದನ್ನು ಹೊತ್ತಿದ್ದಾರೆ. ಸಭೆಯಲ್ಲಿ ನಮಗೆ ಶಾಲು ಹೊದಿಸಿದರು, ಅವರಿಗೆ ಯಾರೂ ಹೊದಿಸಲಿಲ್ಲ.

ಮಗು 'ಮನೆಗೆ ಹೋಗುವಾ' ಅಂತ ಅತ್ತರೆ ಎಂತ ಮಾಡೋದು?

ಮೊದಲು ಅಳಲು ಬಿಡಿ. 'ನೋಡು, ಇಲ್ಲಿನ ಮಕ್ಕಳಿಗೆ ಚಪ್ಪಲಿಯೂ ಇಲ್ಲ, ನೀನು ಅಳ್ತೀಯಾ?' ಅಂತ ಹೇಳಬೇಡಿ. ಬೇರೆಯವರ ಬಡತನವನ್ನು ತೋರಿಸಿ ಮಗುವಿನ ಬಾಯಿ ಮುಚ್ಚಿಸುವುದು ಇಬ್ಬರಿಗೂ ಅನ್ಯಾಯ. ಏನು ನೆನಪಾಯಿತು ಅಂತ ಕೇಳಿ. ಕೆಲವೊಮ್ಮೆ ಅದು ಮಾಡಿಕೊಡಬಹುದಾದ ನೀರುದೋಸೆ ಆಗಿರುತ್ತದೆ. ಆದರೆ ತಿಂಗಳುಗಟ್ಟಲೆ ಮಗು ಊಟ ಬಿಟ್ಟರೆ, ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ, ಆಟಕ್ಕೆ ಹೋಗದಿದ್ದರೆ ಅದು ಬೇರೆ ವಿಷಯ. ಆಗ ಸಹಾಯ ಕೇಳಿ, ಅಗತ್ಯವಾದರೆ ಊರಿಗೆ ಬನ್ನಿ. ಮಗುವಿಗಾಗಿ ಮರಳಿ ಬಂದವರನ್ನು ಸೋತವರು ಎನ್ನುವ ಸಭೆಗೆ ಉತ್ತರ ಕೊಡುವ ಹಂಗು ನಿಮಗಿಲ್ಲ.

ಬರುವ ಭಾನುವಾರ ನಮ್ಮ ಸಭೆಯಲ್ಲಿ ಮಕ್ಕಳಿಂದ ಒಂದು ಸ್ವಾಹಿಲಿ ಹಾಡು ಹಾಡಿಸ್ತೀರಾ?

ಪ್ರೀತಿಯಿಂದ ಕೇಳುತ್ತೀರಿ, ಗೊತ್ತು. ಆದರೆ ಅವರನ್ನೇ ಕೇಳಿ. ಮಗ ಹಾಡಬಹುದು. ಮಗಳು ಮೊದಲ ವಾರವೇ ಬೇಡ ಎಂದಿದ್ದಾಳೆ. ನಮ್ಮ ಪತ್ರದಲ್ಲಿ ಅವಳ ಫೋಟೊ ಹಾಕುವುದನ್ನೂ ಒಂದು ವರ್ಷದಿಂದ ನಿಲ್ಲಿಸಿದ್ದೇವೆ, ಅವಳೇ ಹೇಳಿದ್ದಕ್ಕೆ. 'ಅಲ್ಲಿ ಇಷ್ಟವಾ, ಇಲ್ಲಿ ಇಷ್ಟವಾ?' ಅಂತಲೂ ಕೇಳಬೇಡಿ. ಅವಳ ಗೆಳತಿಯರ ಹೆಸರು ಕೇಳಿ, ಕುಂಟೆಬಿಲ್ಲೆಗೆ ಅಲ್ಲಿ ಹೇಗೆ ಗೆರೆ ಹಾಕುತ್ತಾರೆ ಅಂತ ಕೇಳಿ. ಅರ್ಧ ಗಂಟೆ ಮಾತಾಡುತ್ತಾಳೆ.

ಮತ್ತೆ ಹೋಗ್ತೀರಾ?

ಜನವರಿಗೆ ಶಾಲೆ ಶುರುವಾಗುವ ಮೊದಲು ಹೋಗಬೇಕು ಅಂತಿದೆ. ಮಗನ ಚೀಲ ಆಗಲೇ ತಯಾರು. ಮಗಳಿಗೆ ಈಗ ಹತ್ತು ವರ್ಷ, ಅವಳು ಇನ್ನೂ ಹೇಳಿಲ್ಲ. ಮೊನ್ನೆ ಅಜ್ಜಿಯ ಜೊತೆ ಬಾವಿಕಟ್ಟೆಯಲ್ಲಿ ಕೂತು ಬಹಳ ಹೊತ್ತು ಏನೋ ಮಾತಾಡುತ್ತಿದ್ದಳು. ನಾವು ಟಿಕೆಟ್ ಮಾಡದೆ ಕಾಯುತ್ತಿದ್ದೇವೆ.